ಬರಿಗೈಯಲ್ಲಿ ಹೋದ ಸುದ್ದಿ

ಸಾವಿನ ಸುದ್ದಿ ಹೇಳುವುದಕ್ಕೂ ಒಂದು ಕ್ರಮವಿದೆ. ಮನೆಯ ಬಾಗಿಲಿಗೆ ಹೋಗಬಾರದು. ಬೀದಿಯಲ್ಲೇ ಸೈಕಲ್ ಇಳಿದು ಹ್ಯಾಂಡಲ್ ಹಿಡಿದು ನಿಲ್ಲಬೇಕು. ತಲೆಗೆ ಟವಲ್ ಸುತ್ತಿದ್ದರೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬೇಕು. ಕೈಯಲ್ಲಿ ಏನೂ ಇರಬಾರದು. ಮನೆಯ ಹಿರಿಯರು ಹೊರಗೆ ಬಂದ ಮೇಲೆ ಯಾರು ತೀರಿಕೊಂಡರು, ಮಣ್ಣು ಯಾವ ಹೊತ್ತಿಗೆ ಎಂದಷ್ಟೇ ಹೇಳಬೇಕು. ಅವರು ನೀರು ಕೊಟ್ಟರೂ ಕುಡಿಯಬಾರದು. ಸೈಕಲ್ ತಿರುಗಿಸಿ ಹೊರಟರೆ ಹಿಂದೆ ನೋಡಬಾರದು. ದಾರಿಯಲ್ಲಿ ಯಾರು ಎಷ್ಟು ಕೆಣಕಿ ಕೇಳಿದರೂ ಸಂಬಂಧಿಕರಿಗೆ ಮುಟ್ಟುವ ಮೊದಲು ಹೆಸರು ಬಾಯಿಬಿಡಬಾರದು.

ಇದನ್ನೆಲ್ಲ ಕಲಿಸಿದವನು ನನ್ನಪ್ಪ. ಗುಬ್ಬಿಗೆ ಹತ್ತಿರದ ನಮ್ಮೂರಿನಲ್ಲಿ ಸುದ್ದಿ ಹೊರುವ ಕೆಲಸ ನಮ್ಮ ಮನೆತನಕ್ಕೆ ಬಂದಿತ್ತು. ಯಾರು ಕೊಟ್ಟರು, ಎಂದು ಕೊಟ್ಟರು ಯಾರಿಗೂ ಗೊತ್ತಿರಲಿಲ್ಲ. ಬಿಡುತ್ತೇವೆ ಎಂದಾಗ ಮಾತ್ರ ಊರಿನವರೆಲ್ಲ ಒಟ್ಟಾಗಿ ಬಂದು ಬಿಡಬೇಡಿ ಎನ್ನುತ್ತಿದ್ದರು. ಅಪ್ಪ ನಡೆದೇ ಹೋಗುತ್ತಿದ್ದ. ಒಮ್ಮೆ ಮೊಳೆ ತುಳಿದು ಅವನ ತೊಡೆಸಂದಿನಲ್ಲಿ ನಿಂಬೆಗಾತ್ರದ ಗಡ್ಡೆ ಕಟ್ಟಿತು. ನಾನು ಹೆದರಿದೆ. ಅಪ್ಪ ನಕ್ಕು, "ಕಾಲಿನ ಸುದ್ದಿ ಮ್ಯಾಲಕ್ ಹೋಗೈತೆ ಕಣ್ಲಾ. ಇನ್ ಭಯ ಇಲ್ಲ ಬುಡು," ಎಂದ. ಗಾಯ ಮಾಗಿತು, ಗಡ್ಡೆಯೂ ಕರಗಿತು. ಆ ಮಾತು ನನ್ನ ಮನಸ್ಸಿನಲ್ಲೂ ಕೂತಿತು, ಅಕ್ಕನ ಮನಸ್ಸಿನಲ್ಲೂ ಕೂತಿತು. ಅಪ್ಪ ಹೇಳಿದ್ದು ಮುಕ್ಕಾಲು ಪಾಲು ಸರಿ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಉಳಿದ ಕಾಲು ಪಾಲು ನಮ್ಮ ಮನೆ ಕೆಡಿಸಿತು.

ಅಪ್ಪನ ಕಾಲು ಸೋತಾಗ ನಾನು ಸ್ಕೂಲು ಬಿಟ್ಟೆ. ಆರನೇ ಕ್ಲಾಸಿನ ಪುಸ್ತಕ ಕೊಂಡಿದ್ದೆವು, ಅರ್ಧವೂ ಓದಿರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಶುರು ಮಾಡಿ, ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊತ್ತು ಸ್ವಂತ ಸೈಕಲ್ ಮಾಡಿಕೊಂಡೆ. ಎಪ್ಪತ್ತರ ದಶಕದಲ್ಲಿ ಗುಬ್ಬಿಯಿಂದ ಕುಣಿಗಲ್‌ವರೆಗೆ ನಾನು ತುಳಿಯದ ಗಾಡಿದಾರಿ ಇಲ್ಲ. ನಾನು ಹೊತ್ತ ಸುದ್ದಿಯಲ್ಲಿ ಒಂದೂ ತಡವಾಗಿ ಮುಟ್ಟಿಲ್ಲ, ಒಂದೂ ತಪ್ಪಾಗಿ ಮುಟ್ಟಿಲ್ಲ. ಓದಿದವರು ತಮ್ಮ ಸರ್ಟಿಫಿಕೇಟು ತೋರಿಸುವಂತೆ ನಾನು ಇದನ್ನು ಹೇಳಿಕೊಳ್ಳುತ್ತೇನೆ. ಯಾರಿಗಾದರೂ ಹೆಚ್ಚಾಯಿತು ಅನ್ನಿಸಿದರೆ ಅನ್ನಿಸಲಿ.

ಆ ದಶಕ ಮುಗಿಯುವ ಹೊತ್ತಿಗೆ ತುಮಕೂರಿಗೆ ಬಂದು ಸದಾಶಿವನಗರದ ಒಂದು ಮೂಲೆಯಲ್ಲಿ ತಗಡಿನ ಶೀಟು ಹೊದಿಸಿ ಸೈಕಲ್ ಶಾಪ್ ಇಟ್ಟೆ. ಮದುವೆಯಾಯಿತು. ಆದರೂ ನಮ್ಮೂರಲ್ಲಿ ಯಾರಾದರೂ ಸತ್ತು, ಕುಣಿಗಲ್ ಕಡೆ ನೆಂಟರಿದ್ದರೆ, ಬೆಳಗಿನ ಬಸ್ಸಿಗೆ ಯಾರೋ ಬಂದು ಅಂಗಡಿ ಮುಂದೆ ನಿಲ್ಲುತ್ತಿದ್ದರು. ನಾನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಹೊರಡುತ್ತಿದ್ದೆ. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಸಾಬರು ನನಗಿಂತ ಹಿರಿಯರು, ಬಾಯಿ ಸ್ವಲ್ಪ ಜಾಸ್ತಿ. "ಏನಪ್ಪಾ, ಯಮನ ಡ್ಯೂಟಿಗೆ ಹೊರಟ್ಯಾ? ಹೋಗ್ಬಾ, ಅಂಗಡಿ ನಾನ್ ನೋಡ್ಕೋತೀನಿ. ನನ್ನ ಸುದ್ದಿ ಮಾತ್ರ ನೀನ್ ತರಬೇಡ," ಎನ್ನುತ್ತಿದ್ದರು.

ನನ್ನ ಅಕ್ಕನನ್ನು ಕೊಟ್ಟಿದ್ದು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ನಾಲೆ ಹರಿಯುವ ಒಂದು ಹಳ್ಳಿಗೆ. ಅವಳ ಅತ್ತೆ ನಮ್ಮೂರಿನ ಹೆಣ್ಣುಮಗಳು. ಆ ಅತ್ತೆಯ ತಮ್ಮ ನಮ್ಮ ಬೀದಿಯಲ್ಲೇ ಇದ್ದ ಮುದುಕ, ನಾವೆಲ್ಲ ಮಾವಯ್ಯ ಎನ್ನುತ್ತಿದ್ದೆವು. ಅವನೇ ಮುಂದೆ ನಿಂತು ಈ ಸಂಬಂಧ ಮಾಡಿಸಿದ್ದ. ಅಕ್ಕನ ಗಂಡನ ಮನೆಯವರೂ ಒಂದು ಕಾಲಕ್ಕೆ ಸುದ್ದಿ ಹೊತ್ತವರೇ. ನಾಲೆ ನೀರು ಸಿಕ್ಕಿ ಗದ್ದೆಯಾದ ಮೇಲೆ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ. ಆದರೆ ಹಿಂದೆ ಅದನ್ನು ಮಾಡಿದ್ದೆವು ಎಂದು ಯಾರಾದರೂ ನೆನಪಿಸಿದರೆ ಭಾವನ ಮುಖ ಕೆಂಪಾಗುತ್ತಿತ್ತು. ಹಾಗಾಗಿ ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಅಕ್ಕನ ಊರಿಗೆ ನೆಂಟನಾಗಿ ಹೋದರೆ ಬಸ್ಸಿಳಿದು ನಡೆದು ಹೋಗುತ್ತಿದ್ದೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಇರುತ್ತಿತ್ತು. ಸೈಕಲ್ಲಿನಲ್ಲಿ ಹೋದರೆ ಸಾವು. ಆ ಊರಿನ ನಾಯಿಗಳಿಗೂ ಈ ವ್ಯತ್ಯಾಸ ಗೊತ್ತಿತ್ತು.

ಎಂಬತ್ತರ ದಶಕದ ನಡುವೆ ಒಂದು ಗೌರಿ ಹಬ್ಬಕ್ಕೆ ಅಕ್ಕ ತುಮಕೂರಿನ ನಮ್ಮ ಮನೆಗೆ ಬಂದಳು. ಊಟಕ್ಕೆ ಕೂತಾಗ ಸಾರು ಮುಟ್ಟದೆ ಮೊಸರನ್ನವನ್ನೇ ಒಂದು ಕಡೆಯ ದವಡೆಯಲ್ಲಿ ಅಗಿಯುತ್ತಿದ್ದಳು.

"ಏನಕ್ಕಾ, ನಿನ್ ನಾದಿನಿ ಸಾರು ರುಚಿ ಇಲ್ವಾ?"

"ಅವಳ ಕೈ ರುಚಿಗೇನ್ ಬಂದೈತ್ಲಾ. ಖಾರ ತಾಗಿದ್ರೆ ಉರೀತದೆ. ಕೆನ್ನೆ ಒಳಗಡೆ ಒಂದ್ ಹುಣ್ಣಾಗೈತೆ. ಹೋಯ್ತದೆ ಬುಡು."

"ಯಾವಾಗಿಂದ?"

"ಉಗಾದಿಯಿಂದ ಇರ್ಬೇಕು."

"ಉಗಾದಿಯಿಂದ ಇರೋದು ಗೌರಿ ಹಬ್ಬಕ್ಕೂ ಹೋಗಿಲ್ಲ. ಏನ್ ಬಾಡಿಗೆಗಿಟ್ಟಿದ್ದೀಯಾ?"

ಅಕ್ಕ ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. "ನೋವೇನಿಲ್ಲ ಕಣ್ಲಾ. ಕಡ್ಡಿಪುಡಿ ಆ ಜಾಗಕ್ಕೇ ಒತ್ತಿಟ್ಕಂಡ್ರೆ ಮರಗಟ್ದಂಗೆ ಆಯ್ತದೆ. ಅದೇ ಔಷ್ದಿ."

ಎಲೆ ಅಡಿಕೆಯ ಜೊತೆ ಹಾಕುವ ಆ ಹೊಗೆಸೊಪ್ಪಿನ ಪುಡಿಯೇ ಹುಣ್ಣು ತಂದದ್ದು. ಅದನ್ನೇ ಅವಳು ಹುಣ್ಣಿಗೆ ಒತ್ತುತ್ತಿದ್ದಳು. ನೋವು ಹೋಗುತ್ತದಲ್ಲ, ಮತ್ತೇನು ಬೇಕು. ಟಾರ್ಚು ಹಿಡಿದು ಬಾಯಿ ತೆರೆಸಿದೆ. ಅಂಚು ಬೆಳ್ಳಗೆ, ನಡುವೆ ಕೆಂಪಗೆ. ದವಡೆಯ ಕೆಳಗೆ ಬೆರಳಿಟ್ಟರೆ ಹುಣಸೆಬೀಜದಷ್ಟು ಗಂಟು ಜಾರಿತು.

"ಇದೇನಕ್ಕಾ ಇಲ್ಲಿ?"

"ಅದು ಒಳ್ಳೇದೇ ಅಲ್ವೇನ್ಲಾ? ಅಪ್ಪ ಹೇಳ್ತಿರ್ಲಿಲ್ವಾ, ಸುದ್ದಿ ಮ್ಯಾಲಕ್ ಹೋದ್ರೆ ಭಯ ಇಲ್ಲ ಅಂತ."

ಮಾರನೆಯ ದಿನ ಅವಳನ್ನು ಬಲವಂತವಾಗಿ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ಮುಖ ಗಂಭೀರ ಮಾಡಿ, ಹುಣ್ಣಿನ ಅಂಚಿನಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕೆಲವು ದಿನ ಆಗುತ್ತದೆ ಎಂದರು. ಗದ್ದೆಯಲ್ಲಿ ಕಳೆ ಕೀಳುವ ಕಾಲ, ಅಕ್ಕ ನಿಲ್ಲಲಿಲ್ಲ, ಊರಿಗೆ ಹೊರಟಳು. ಫಲಿತಾಂಶ ಕೇಳಲು ನಾನೊಬ್ಬನೇ ಹೋದೆ.

"ಕ್ಯಾನ್ಸರು," ಎಂದರು ಡಾಕ್ಟರು. "ಆದ್ರೆ ಇನ್ನೂ ಚಿಕ್ಕದು. ಈಗ್ಲೇ ಬೆಂಗಳೂರಿಗೆ ಹೋದ್ರೆ ಕತ್ತರಿಸಿ ತೆಗೀಬಹುದು. ಕತ್ತಿನ ಗಂಟು ಮೆತ್ತಗಿದೆ, ಬರೀ ಊತ ಇರ್ಬೇಕು. ಅದು ಗಟ್ಟಿ ಆಗೋಕೆ ಬಿಡಬೇಡಿ. ತಡ ಮಾಡಿದ್ರೆ ನಮ್ಮ ಕೈಲಿರಲ್ಲ. ಇವತ್ತೇ ಹೋಗಿ ಹೇಳಿ."

ಇವತ್ತೇ ಹೋಗಿ ಹೇಳಿ. ನನ್ನ ಜೀವನವೆಲ್ಲ ಕೇಳಿದ ಮಾತು ಅದು. ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ತುಳಿದೆ. ಕುಣಿಗಲ್‌ನಿಂದ ಅಕ್ಕನ ಊರಿಗೆ ಮಧ್ಯಾಹ್ನದ ಹೊತ್ತು ಬಸ್ಸಿರಲಿಲ್ಲ. ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿ, ಕುಣಿಗಲ್‌ನಲ್ಲಿ ಇಳಿಸಿ, ನಾಲೆ ಏರಿಯ ಮೇಲೆ ಉಸಿರು ಕಟ್ಟಿ ತುಳಿದುಕೊಂಡು ಹೋದೆ. ಊರ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದವರು ಹಾಗೇ ನಿಂತರು. ನಾನು ಗಮನಿಸಲಿಲ್ಲ. ಅಕ್ಕನ ಮನೆ ಮುಂದೆ ಇಳಿದು, ಬೆವರು ಒರೆಸಿಕೊಳ್ಳಲು ತಲೆಯ ಟವಲ್ ಬಿಚ್ಚಿದೆ.

ಒಳಗಿನಿಂದ ಅಕ್ಕನ ಅತ್ತೆ ಬಂದವಳು ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಟವಲ್ ನೋಡಿದಳು. ಮಾವಯ್ಯನಿಗೆ ಆ ವರ್ಷ ಎದೆ ಉಬ್ಬಸ ಜಾಸ್ತಿಯಾಗಿ ಹಾಸಿಗೆ ಹಿಡಿದಿದ್ದ. ಅದು ಅವಳ ಮನಸ್ಸಿನಲ್ಲಿತ್ತು. ಎದೆಗೆ ಎರಡೂ ಕೈಯಿಂದ ಬಡಿದುಕೊಂಡು, "ಅಯ್ಯೋ ನನ್ ತಮ್ಮಾ, ನನ್ನ ಮುಂದೇನೇ ಹೋಗ್ಬುಟ್ಯಾ," ಎಂದು ಬೀದಿಯಲ್ಲೇ ಕುಸಿದು ಕೂತಳು.

"ಇಲ್ಲ ಅತ್ತೆ, ಯಾರೂ ಸತ್ತಿಲ್ಲ," ಎಂದೆ. ಯಾರಿಗೆ ಕೇಳಿಸಬೇಕು? ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಅವಳನ್ನು ಹಿಡಿದುಕೊಂಡು ತಾವೂ ಶುರು ಮಾಡಿದರು. ಸಾವಿನ ಸುದ್ದಿ ಬಂದ ಮನೆಯಲ್ಲಿ ತುಂಬಿಟ್ಟ ನೀರು ಇಟ್ಟುಕೊಳ್ಳಬಾರದು, ಬೇಯಿಸಿದ್ದು ಉಣ್ಣಬಾರದು. ಯಾರೋ ಕೊಡ ಬಗ್ಗಿಸಿದರು. ಕಳೆ ಕೀಳುವ ಆಳುಗಳಿಗೆಂದು ತೊಳಸಿಟ್ಟ ಮುದ್ದೆ, ಹುರುಳಿ ಸಾರು ಎಲ್ಲ ತಿಪ್ಪೆಗೆ ಹೋಯಿತು. ಭಾವ ಕೆಸರುಗಾಲಲ್ಲಿ ಗದ್ದೆಯಿಂದ ಓಡಿಬಂದ.

"ಯಾವಾಗ್ ಹೋಯ್ತು ಜೀವ? ಮಣ್ಣು ಯಾವಾಗ?"

"ಭಾವ, ಮಾವಯ್ಯ ಇದ್ದಂಗೇ ಅವ್ರೆ. ನಾನ್ ಬಂದಿದ್ದು ಅಕ್ಕನ ವಿಷ್ಯಕ್ಕೆ."

"ಇದ್ದಂಗೇ ಅವ್ನಾ?"

ಅಳು ನಿಂತಿತು. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಒಬ್ಬ, "ಬುಡಜ್ಜಿ, ಸುಳ್ ಸುದ್ದಿ ಬಂದ್ರೆ ಆಯಸ್ಸು ಗಟ್ಟಿಯಂತೆ. ನಿನ್ ತಮ್ಮ ಇನ್ ನಮ್ಮನ್ನೆಲ್ಲ ಮಣ್ ಮಾಡೇ ಹೋಗಾದು," ಎಂದ. ಬೀದಿಯೆಲ್ಲ ನಕ್ಕಿತು. ಆ ನಗುವೇ ಕೆಲಸ ಕೆಡಿಸಿತು. ಮುದುಕಿ ಸೆರಗು ಕೊಡವಿಕೊಂಡು ಎದ್ದಳು.

"ಸೈಕಲ್ ಯಾಕ್ಲಾ ತಂದೆ? ನೆಂಟನಾಗ್ ಬರೋನು ಸೈಕಲ್ ತತ್ತಾನಾ? ಕೈಯಾಗೆ ಒಂದ್ ಬಾಳೆಹಣ್ಣಾದ್ರೂ ಐತಾ?"

"ಬಸ್ಸಿರ್ಲಿಲ್ಲ ಅತ್ತೆ. ಡಾಕ್ಟ್ರು ಇವತ್ತೇ ಹೇಳು ಅಂದ್ರು."

"ಡಾಕ್ಟ್ರು ಸೈಕಲ್ ಮ್ಯಾಲೇ ಹೋಗು ಅಂದ್ರಾ?" ಎಂದ ಭಾವ. "ಆಳುಗಳ್ ಊಟ ತಿಪ್ಪೇಲೈತೆ. ಊರೇ ನಗ್ತಾ ಐತೆ. ಆ ಕೆಲ್ಸ ಬುಟ್ಟು ನಾವ್ ಮಾನವಾಗಿ ಗದ್ದೆ ಮಾಡ್ಕಂಡಿದ್ರೆ, ನೀನ್ ಅದನ್ನೇ ತಂದು ನಮ್ ಬಾಗ್ಲಲ್ಲಿ ನಿಲ್ಲುಸ್ತೀಯಲ್ಲ."

ಅಲ್ಲೇ, ಬೀದಿಯ ನಡುವೆ, ನಾನು ಹೇಳಿದೆ. ಅಕ್ಕನ ಬಾಯಲ್ಲಿರುವುದು ಕ್ಯಾನ್ಸರು, ಬೆಂಗಳೂರಿಗೆ ಹೋದರೆ ತೆಗೆಯುತ್ತಾರೆ, ತಡ ಮಾಡಿದರೆ ಆಗುವುದಿಲ್ಲ. ಡಾಕ್ಟರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಸುದ್ದಿ ಒಪ್ಪಿಸುವುದು ನನಗೆ ಬರುವ ಕೆಲಸ. ಆದರೆ ಅಂದು ಅದನ್ನು ಇಸಿದುಕೊಳ್ಳುವವರು ಯಾರೂ ಇರಲಿಲ್ಲ. ಮುದುಕಿ, "ಒಂದ್ ಸಾವು ಸುಳ್ಳಾಯ್ತು ಅಂತ ಇನ್ನೊಂದ್ ಹೇಳ್ತಾವ್ನೆ," ಎಂದು ಒಳಗೆ ಹೋದಳು. ಅಕ್ಕ ಬಾಗಿಲ ಹತ್ತಿರ ಕೆನ್ನೆಗೆ ಸೆರಗು ಹಿಡಿದು ನಿಂತಿದ್ದಳು.

"ಈಗ್ ಹೋಗ್ಲಾ," ಎಂದಳು ಮೆಲ್ಲಗೆ. "ಇವ್ರ್ ಕೋಪ ಇಳೀಲಿ. ಆಮ್ಯಾಕ್ ನೋಡಾನ."

ನೀರು ಕೇಳೋಣವೆಂದರೆ ಮನೆಯಲ್ಲಿ ನೀರೇ ಇರಲಿಲ್ಲ, ಎಲ್ಲ ಚೆಲ್ಲಿದ್ದರು.

ಅಂದಿನಿಂದ ಇಂದಿನವರೆಗೆ ನಮ್ಮ ಕಡೆಯವರು ಯಾರಾದರೂ ಒಬ್ಬರು ನನಗೆ ಹೇಳುತ್ತಲೇ ಇರುತ್ತಾರೆ, ನೀನು ಅವತ್ತು ಸೈಕಲ್ಲು ಕುಣಿಗಲ್‌ನಲ್ಲೇ ಬಿಟ್ಟು ಹೋಗಬೇಕಿತ್ತು, ಒಂದು ಚಿಪ್ಪು ಹಣ್ಣು ಹಿಡಿದುಕೊಂಡು ಹೋಗಬೇಕಿತ್ತು ಎಂದು. ಒಂದು ಹೆಂಗಸಿನ ಜೀವ ಬಾಳೆಹಣ್ಣಿನ ಮೇಲೆ ನಿಂತಿದ್ದರೆ ಅದು ನನ್ನ ತಪ್ಪಲ್ಲ. ನಾನು ಆ ಮಾತನ್ನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಪಿತೃಪಕ್ಷ ಮುಗಿಯುವ ಮೊದಲೇ ಮಾವಯ್ಯ ನಿಜವಾಗಿಯೂ ಸತ್ತ. ಆ ಸುದ್ದಿ ನಾನು ಹೊರಲಿಲ್ಲ, ಬೇರೆ ಯಾರೋ ಬಸ್ಸಿನಲ್ಲಿ ಹೋಗಿ ಹೇಳಿದರು. ಆದರೂ ಅಕ್ಕನ ಮನೆಯಲ್ಲಿ ಅದು ನನ್ನ ತಲೆಗೇ ಬಂತು. ಮುಂಚೆಯೇ ಬಾಗಿಲಿಗೆ ತಂದು ಇಟ್ಟು ಹೋದವನು ನಾನು ಎಂದರು. ನನ್ನ ಬಾಯಿಂದ ಬಂದ ಯಾವ ಮಾತೂ ಆ ಮನೆಗೆ ಬೇಡವಾಯಿತು.

ದಸರೆಯ ಹೊತ್ತಿಗೆ ನಡೆದುಕೊಂಡು, ಹಣ್ಣು ಹೂವು ಹಿಡಿದುಕೊಂಡು ಹೋದೆ. ಮುದುಕಿ ಹಣ್ಣು ಇಸಿದುಕೊಂಡಳು, ಮಾತು ಇಸಿದುಕೊಳ್ಳಲಿಲ್ಲ. ಕತ್ತಿನ ಗಂಟು ಅಡಿಕೆಯಷ್ಟಾಗಿತ್ತು. ಅದಕ್ಕೆ ಯಾವುದೋ ಸೊಪ್ಪು ಅರೆದು ಹಚ್ಚಿದ್ದರು. "ಬಾಯಾಗಿನ್ ವಿಷ ಅಲ್ಲಿ ಸೇರ್ಕಂತಾ ಐತೆ. ಒಡೆದು ಹೋದ್ರೆ ಸರಿಹೋಯ್ತದೆ. ನಿಮ್ಮಪ್ಪನೇ ಹೇಳ್ತಿದ್ನಂತಲ್ಲ," ಎಂದ ಭಾವ. ಅಪ್ಪನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದ. ಇನ್ನೊಂದು ಸಲ ಹೋದಾಗ ಕುಯಿಲು ಮುಗಿಯಲಿ ಎಂದ. ಮತ್ತೊಂದು ಸಲ ಅಕ್ಕನೇ, "ಪದೇ ಪದೇ ಬರ್ಬೇಡ ಕಣ್ಲಾ. ನೀನ್ ಬಂದ್ ಹೋದ್ಮೇಲೆ ಇಲ್ಲಿ ನನಗೆ ಮಾತು," ಎಂದಳು.

ಸಂಕ್ರಾಂತಿ ಕಳೆದ ಮೇಲೆ ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯದಾಯಿತು. ಆಗ ಭಾವ ಅವಳನ್ನು ತುಮಕೂರಿಗೆ ಕರೆತಂದು ನಮ್ಮ ಮನೆಯಲ್ಲಿ ಕೂರಿಸಿ, "ನಿನಗ್ ಗೊತ್ತಿರೋ ಡಾಕ್ಟ್ರತ್ರ ನೀನೇ ತೋರ್ಸು," ಎಂದು ಸಂಜೆ ಬಸ್ಸಿಗೆ ಹೋದ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರು ಕತ್ತು ಮುಟ್ಟಿ ನೋಡಿ ಕೈ ತೆಗೆದರು. ಗಂಟು ಕಲ್ಲಿನಂತೆ ಒಳಗೆ ಕಚ್ಚಿಕೊಂಡಿತ್ತು. ಕತ್ತರಿಸುವ ಹಂತ ದಾಟಿದೆ, ಕರೆಂಟ್ ಇಡೋಣ ಎಂದರು. ರೇಡಿಯೇಷನ್ನಿಗೆ ಅಲ್ಲಿ ಎಲ್ಲರೂ ಕರೆಂಟ್ ಎಂದೇ ಅನ್ನುತ್ತಿದ್ದರು. ಮತ್ತೆ ಒಂದು ಚೂರು ತೆಗೆದರು. ಅಕ್ಕನನ್ನು ವಾರ್ಡಿನಲ್ಲಿ ಬಿಟ್ಟು ನಾನು ವರಾಂಡದಲ್ಲಿ ಮಲಗಿ ದಿನ ಕಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಒಬ್ಬ ಎಳೆಯ ವಯಸ್ಸಿನ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ, ನನ್ನನ್ನು ಹುಡುಕಿಕೊಂಡು ಬಂದು ಅಕ್ಕ ಎಷ್ಟು ವರ್ಷದಿಂದ ಕಡ್ಡಿಪುಡಿ ಹಾಕುತ್ತಾರೆ, ಯಾವ ದವಡೆಗೆ ಇಡುತ್ತಾರೆ ಎಂದು ಕೇಳತೊಡಗಿದರು. ಇದೆಲ್ಲ ಯಾಕೆ ಎಂದೆ. ಅವರು ಬಾಯಿಯ ಕ್ಯಾನ್ಸರಿನಲ್ಲಿ ಒಂದು ಜಾತಿಯ ಸೆಲ್ಲುಗಳನ್ನು ಹುಡುಕುತ್ತಿದ್ದರಂತೆ, ಅದೇ ಅವರ ಓದು.

"ನಮ್ಮಕ್ಕನ ಚೂರಲ್ಲಿ ಸಿಕ್ತಾ?"

"ಸಿಕ್ಕಿದೆ. ನೋಡ್ತೀರಾ?"

ಯಾಕೆ ತೋರಿಸಿದರೋ. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ಯಾರೂ ನನಗೆ ಏನನ್ನೂ ತೋರಿಸಿರಲಿಲ್ಲ. ಒಂದು ರೂಮಿಗೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೊದಲು ನನಗೆ ನನ್ನ ರೆಪ್ಪೆಯ ಕೂದಲೇ ಕಂಡಿತು. ಅವರು ಏನೋ ತಿರುಗಿಸಿದರು. ನೀಲಿ ಚುಕ್ಕಿಗಳ ರಾಶಿ, ಅದರ ಅಂಚಿನಲ್ಲಿ ಅಲ್ಲಲ್ಲಿ ಕಂದು ಬಣ್ಣದವು, ಮೈಯಿಂದ ಕೊಂಬೆ ಒಡೆದಂತೆ ಸುತ್ತಲೂ ಕೈ ಚಾಚಿಕೊಂಡು ನಿಂತಿದ್ದವು.

"ಆ ಕಂದು ಬಣ್ಣ ನಾವು ಹಾಕಿದ್ದು, ಇಲ್ಲಾಂದ್ರೆ ಕಾಣಲ್ಲ. ಕೊಂಬೆ ಇರೋದ್ರಿಂದ ಡೆಂಡ್ರಿಟಿಕ್ ಸೆಲ್ ಅಂತಾರೆ. ಚರ್ಮದಲ್ಲಿ, ಬಾಯಿ ಒಳಗೆ, ಎಲ್ಲ ಕಡೆ ಕಾವಲಿಗೆ ಇರ್ತವೆ."

"ಇವು ಕ್ಯಾನ್ಸರನ್ನ ಕೊಲ್ತವಾ?"

"ಇಲ್ಲ. ಕೊಲ್ಲೋವು ಬೇರೆ. ಅವು ಕತ್ತಿನ ಗಂಟಲ್ಲಿ, ತೊಡೆಸಂದಿನ ಗಂಟಲ್ಲಿ ಕೂತಿರ್ತವೆ. ಶತ್ರು ಯಾರು ಅಂತ ಯಾರಾದ್ರೂ ಬಂದು ತೋರಿಸೋ ತನಕ ಅವು ಏಳಲ್ಲ. ಇವು ಇಲ್ಲಿಂದ ಹೊರಟು ಆ ಗಂಟಿಗೆ ಹೋಗಿ ಸುದ್ದಿ ಮುಟ್ಟಿಸ್ತವೆ."

ನಾನು ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆದು ಅವರನ್ನು ನೋಡಿದೆ. ಅವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಸೈಕಲ್ ಶಾಪ್ ಎಂದು ಮಾತ್ರ ಹೇಳಿದ್ದೆ.

"ಹೆಂಗ್ ಮುಟ್ಟಿಸ್ತವೆ? ಅವಕ್ಕೇನು ಬಾಯಿ ಇದೆಯಾ?"

"ಬರಿಗೈಯಲ್ಲಿ ಹೋಗಲ್ಲ. ಕ್ಯಾನ್ಸರಿನದೇ ಒಂದು ಚೂರು ಕಿತ್ಕೊಂಡು, ಅದನ್ನ ಮೈ ಮೇಲೆ ಎತ್ತಿ ಹಿಡ್ಕೊಂಡು ಹೋಗ್ತವೆ. ಅಲ್ಲಿರೋವಕ್ಕೆ ಆ ಚೂರು ತೋರಿಸ್ತವೆ. ಅದನ್ನ ಗುರುತು ಹಿಡಿದ ಸೆಲ್ಲು ಸಾವಿರಾರು ಆಗಿ ಹೊರಡ್ತದೆ. ಆಗ ಗಂಟು ಊದಿಕೊಳ್ಳುತ್ತೆ."

ಅಪ್ಪ ಹೇಳಿದ್ದು ಅದೇ. ಮೊಳೆ ತುಳಿದ ಕಾಲಿಗೂ ಅದೇ. ಸ್ಲೇಟು ಹಿಡಿಯದ ನನ್ನಪ್ಪ ತನ್ನ ಕೆಲಸದ ಮಾತಿನಲ್ಲಿ ಅದನ್ನು ಹೇಳಿದ್ದ. ಒಂದು ಕ್ಷಣ ಹೆಮ್ಮೆಯಾಯಿತು. ಮುಂದಿನ ಕ್ಷಣ ಮೈ ಉರಿಯಿತು.

"ಮತ್ತೆ ನಮ್ಮಕ್ಕನಿಗೇನಾಯ್ತು ಸಾರ್? ಇವು ಹೋಗ್ಲಿಲ್ವಾ?"

ಡಾಕ್ಟರು ಗಾಜನ್ನು ಸ್ವಲ್ಪ ಸರಿಸಿದರು. ಈ ಸಲ ಗಡ್ಡೆಯ ನಡುಭಾಗ ಕಂಡಿತು. ಅಲ್ಲಿ ಕಂದು ಸೆಲ್ಲುಗಳು ಬಹಳ ಕಡಿಮೆ. ಇದ್ದವಕ್ಕೂ ಕೊಂಬೆಗಳಿರಲಿಲ್ಲ, ಮೋಟುಮರದಂತೆ ದುಂಡಗಾಗಿದ್ದವು.

"ಕೆಲವು ಹೋಗಿರುತ್ತವೆ. ಆದ್ರೆ ಕ್ಯಾನ್ಸರು ಹೊರಗಡೆಯಿಂದ ಬಂದ ಶತ್ರು ಅಲ್ಲ. ನಮ್ಮದೇ ಸೆಲ್ಲು ಕೆಟ್ಟಿದ್ದು, ಮುಖವೆಲ್ಲ ನಮ್ಮ ತರಾನೇ. ತೋರಿಸಿದ್ರೂ ಅಲ್ಲಿರೋವು ಇದು ನಮ್ಮೋನೇ ಅಂತ ಸುಮ್ನಾಗ್ತವೆ. ಜೊತೆಗೆ ಗಡ್ಡೆ ಏನೋ ಬಿಡುತ್ತೆ ಅಂತ ಕಾಣುತ್ತೆ, ಅದರ ಹತ್ತಿರ ಬಂದ ಇವು ಮಂಕಾಗ್ತವೆ. ಬಂದು ನಿಂತಿರ್ತವೆ ಅಷ್ಟೇ. ಹೇಗೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದನ್ನೇ ಹುಡುಕ್ತಾ ಇರೋದು."

"ಕತ್ತಿನ ಗಂಟು ಮೊದಲು ಮೆತ್ತಗಿತ್ತು ಸಾರ್. ಹುಣಸೆಬೀಜದಷ್ಟಿತ್ತು."

"ಆಗ ಅಲ್ಲಿ ಸುದ್ದಿ ಮುಟ್ಟಿ ಏನೋ ತಯಾರಿ ನಡೆದಿತ್ತು ಅನ್ಸುತ್ತೆ. ಈಗ ಅಲ್ಲಿ ಕ್ಯಾನ್ಸರೇ ಹೋಗಿ ಕೂತಿದೆ."

ಸುದ್ದಿ ಹೇಳಬೇಕಾದ ಮನೆಯಲ್ಲಿ ಶತ್ರುವೇ ಯಜಮಾನನಾಗಿ ಕೂತಿದ್ದಾನೆ. ಇನ್ನು ಯಾರು ಬಂದರೆ ಏನು, ಏನು ತೋರಿಸಿದರೆ ಏನು.

"ಸುದ್ದಿ ಹೇಳಿದ ಮೇಲೆ ಇವು ವಾಪಸ್ ಬರ್ತಾವಾ?" ಎಂದು ಕೇಳಿದೆ. ಅದು ಯಾಕೆ ಬೇಕಿತ್ತೋ.

"ಇಲ್ಲ. ಅಲ್ಲೇ ಸಾಯ್ತವೆ ಅನ್ಸುತ್ತೆ," ಎಂದರು. ಆಮೇಲೆ ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ನಿಮ್ಮಕ್ಕನ ಮೈ ಚೆನ್ನಾಗಿ ಹೋರಾಡಿದೆ. ಅಂಚಲ್ಲಿ ಎಷ್ಟೊಂದಿವೆ ನೋಡಿ. ಮುಂಚೆನೇ ಬಂದಿದ್ರೆ," ಎಂದು ಅಷ್ಟಕ್ಕೇ ನಿಲ್ಲಿಸಿದರು.

ಒಳ್ಳೆಯ ಮನುಷ್ಯ. ಆದರೆ ಆ ಮಾತಿನ ಉಳಿದ ಅರ್ಧ ನನಗೆ ಗೊತ್ತಿತ್ತು. ಅವಳ ಮೈಯೊಳಗಿನ ಕಾವಲುಗಾರರು ಮೊದಲೇ ಎಲ್ಲ ಕಂಡಿದ್ದರು. ಅವರ ಕೈಲಾದದ್ದು ಮಾಡಿದ್ದರು. ಹೊರಗೆ ನಾನೂ ಕೈಲಾದದ್ದು ಮಾಡಿದ್ದೆ. ಅವು ಒಂದು ಚೂರು ಹಿಡಿದುಕೊಂಡು ಹೋಗುತ್ತವೆ ಎಂದರಲ್ಲ, ಆ ಬೀದಿಯಲ್ಲಿ ನಿಂತು ನಾನು ಯಾವ ಚೂರು ಎತ್ತಿ ಹಿಡಿಯಬೇಕಿತ್ತು? ಅಕ್ಕನ ಕೆನ್ನೆಯಿಂದ ತೆಗೆದದ್ದನ್ನು ಡಾಕ್ಟರಿಂದ ಕೇಳಿ ಇಸಿದುಕೊಂಡು ಹೋಗಿ ಮುದುಕಿಯ ಕಣ್ಣ ಮುಂದೆ ಹಿಡಿದಿದ್ದರೂ, ಅವಳು ಸೈಕಲ್ಲನ್ನೇ ನೋಡುತ್ತಿದ್ದಳು.

ವಾರ್ಡಿಗೆ ಹೋದಾಗ ಅಕ್ಕ ಸನ್ನೆ ಮಾಡಿ ಎಲ್ಲಿ ಹೋಗಿದ್ದೆ ಎಂದು ಕೇಳಿದಳು. ಕರೆಂಟ್ ಇಟ್ಟ ಕೆನ್ನೆ ಕಪ್ಪಗಾಗಿತ್ತು.

"ನಿನ್ ಬಾಯೊಳಗೆ ನಮ್ ಜಾತಿಯೋರು ಅವ್ರಂತೆ ಕಣಕ್ಕಾ. ಸುದ್ದಿ ಹೊರೋರು."

ಅವಳಿಗೆ ಏನು ಅರ್ಥವಾಯಿತೋ, ಕಣ್ಣಲ್ಲಿ ನಕ್ಕಳು. ಹಲ್ಲು ಕಚ್ಚಿಕೊಂಡೇ, "ಅದ್ಕೇ ಯಾರೂ ಕೇಳ್ಲಿಲ್ಲ ಬುಡು," ಎಂದಳು. ಅವಳ ಜಾಣತನಕ್ಕೆ ನಾನು ಎಂದೂ ಸಾಟಿಯಲ್ಲ.

ಕರೆಂಟ್ ಮುಗಿದು ಸ್ವಲ್ಪ ದಿನ ಬಾಯಿ ತೆರೆಯಿತು, ಗಂಜಿ ಇಳಿಯಿತು. ನಮ್ಮ ಮನೆಯಲ್ಲೇ ಇರು ಎಂದೆ. ಗದ್ದೆ, ಮನೆ ಎಂದು ಭಾವನ ಊರಿಗೇ ಹೋದಳು. ನಾನು ಹದಿನೈದು ದಿನಕ್ಕೊಮ್ಮೆ ನಡೆದುಕೊಂಡು ಹೋಗಿ ನೋಡಿ ಬರುತ್ತಿದ್ದೆ. ಈಗ ಯಾರೂ ಬರಬೇಡ ಎನ್ನಲಿಲ್ಲ. ಅವಳ ಅತ್ತೆ ಹಣ್ಣು ಇಸಿದುಕೊಂಡು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಆ ತಲೆ ತಗ್ಗಿಸಿದ್ದರಿಂದ ನನಗೆ ಒಂದು ಸಮಾಧಾನವೂ ಆಗಲಿಲ್ಲ.

ಮತ್ತೆ ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಬಾಗಿನಕ್ಕೆ ಮೊರ ತರಬೇಕೆಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ನಾನು ಅಂಗಡಿಯಲ್ಲಿ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದೆ. ತಲೆ ಎತ್ತಿದರೆ ರಸ್ತೆಯಾಚೆ ಭಾವ ನಿಂತಿದ್ದ. ಒಳಗೆ ಬರಲಿಲ್ಲ. ಹೆಗಲ ಮೇಲೆ ಟವಲ್. ಕೈಯಲ್ಲಿ ಏನೂ ಇರಲಿಲ್ಲ.

ಟ್ಯೂಬು ಕೈಯಲ್ಲೇ ಇತ್ತು. ಗುಳ್ಳೆ ಏಳುತ್ತಲೇ ಇತ್ತು.

ಭಾವ ರಸ್ತೆ ದಾಟಿ ಬಂದು ಅಂಗಡಿಯ ಮುಂದೆ ನಿಂತ. ನನ್ನನ್ನು ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ, ತಾನು ಹೇಳುವ ಕಷ್ಟ ತಪ್ಪುತ್ತದೆ ಎಂದುಕೊಂಡು ಬಂದಿದ್ದ. ನನಗೆ ಗೊತ್ತಾಗಿತ್ತು. ಆದರೂ ಅವನ ಬಾಯಿಂದಲೇ ಬರಲಿ ಎಂದು ಕೂತೆ.

"ನಿಮ್ಮಕ್ಕ..." ಎಂದ.

"ಹೇಳಿ ಭಾವ. ಕೇಳ್ತಾ ಇದೀನಿ."

"ನಿನಗ್ ಗೊತ್ತಾಗಿರ್ಬೇಕು."

"ನನಗೇನ್ ಗೊತ್ತು? ನೀವ್ ಹೇಳಿದ್ರೆ ತಾನೆ ಗೊತ್ತಾಗಾದು. ಪೂರ್ತಿ ಹೇಳಿ."

ಅವನು ಹೇಳಿದ. ಬೆಳಗಿನ ಜಾವ ತೀರಿಕೊಂಡಳು ಎಂದು ಹೇಳಿದ, ಮಣ್ಣು ಸಾಯಂಕಾಲ ಎಂದು ಹೇಳಿದ. ಹೇಳುವಾಗ ಮಾತು ಹಿಂದೆಮುಂದಾಯಿತು. ಅಭ್ಯಾಸ ತಪ್ಪಿ ಹೋಗಿತ್ತು. ನಾನು ಮಧ್ಯೆ ಬಾಯಿ ಹಾಕದೆ ಕೊನೆಯ ಮಾತಿನವರೆಗೆ ಕೇಳಿದೆ.

"ಒಂದ್ ಲೋಟ ನೀರ್ ಕೊಡು," ಎಂದ ಕೊನೆಗೆ.

"ಸುದ್ದಿ ತಂದೋರು ನೀರ್ ಕುಡಿಯಂಗಿಲ್ಲ ಭಾವ. ನಿಮ್ ಮನೇಲೂ ಮಾಡ್ತಿದ್ ಕೆಲ್ಸ, ಮರ್ತೋಯ್ತಾ?"

ಅಷ್ಟರಲ್ಲಿ ಪಕ್ಕದ ಸಾಬರು ಕಣ್ಣಿನ ಕಪ್ಪು ಕನ್ನಡಕ ಹಣೆಗೆ ಏರಿಸಿಕೊಂಡು ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕಡೆ ನೋಡದೆ ಭಾವನ ಕೈಗೆ ಒಂದು ಲೋಟ ನೀರು ಕೊಟ್ಟರು. "ಕುಡೀರಿ. ಇದು ನನ್ನ ಅಂಗಡಿ ನೀರು, ಇದಕ್ಕೆ ನಿಮ್ಮ ಕಾನೂನಿಲ್ಲ," ಎಂದರು. ಭಾವ ನಿಂತೇ ಕುಡಿದ. ನಾನು ಬೇಡ ಎನ್ನಲಿಲ್ಲ.

"ಗುಬ್ಬಿ ಕಡೆ ಹೇಳ್ಬೇಕಲ್ಲ," ಎಂದ ಭಾವ ಲೋಟ ಕೆಳಗಿಟ್ಟು.

"ನಿಮಗ್ ಹೇಳಕ್ ಬರಲ್ಲ. ನೀವ್ ನಮ್ಮನೆಯೋಳನ್ನ ಕರ್ಕಂಡು ಊರಿಗೋಗಿ. ನಾನ್ ಹೇಳಿ, ಮಣ್ಣಿನ ಹೊತ್ತಿಗ್ ಬರ್ತೀನಿ."

ಟವಲ್ ಹೆಗಲಿಗೆ ಹಾಕಿಕೊಂಡು ಗುಬ್ಬಿ ರಸ್ತೆಗೆ ಸೈಕಲ್ ತಿರುಗಿಸಿದೆ. ನಮ್ಮೂರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ನೆಂಟರ ಒಂದೊಂದು ಮನೆಯ ಮುಂದೆಯೂ ಬೀದಿಯಲ್ಲೇ ಇಳಿದು ಹ್ಯಾಂಡಲ್ ಹಿಡಿದು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಕೊಡ ಬಗ್ಗಿಸುವ ಸದ್ದು ಕೇಳುತ್ತಿತ್ತು. ಒಬ್ಬರೂ ಅನುಮಾನಿಸಲಿಲ್ಲ. ಕೈಯಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ.